ಬೀಗದ ಕೈ ಬಂದ ಮೇಲೆ



ಸರ್ಕಾರಿ ಆಸ್ಪತ್ರೆಯ ಯಾವ ವಾರ್ಡಿಗೆ ಹೋದರೂ ಬಾಗಿಲ ಹತ್ತಿರದ ಮೇಜಿನಲ್ಲಿ ರಿಜಿಸ್ಟರುಗಳ ರಾಶಿಯ ಹಿಂದೆ ಒಬ್ಬ ಸಿಸ್ಟರ್ ಕೂತಿರುವುದನ್ನು ನೀವು ನೋಡಿರುತ್ತೀರಿ. ಡ್ರಿಪ್ ಹಾಕುವವರು ಬೇರೆ, ಮಾತ್ರೆ ಹಂಚುವವರು ಬೇರೆ. ಈಕೆ ಬರೆಯುತ್ತಲೇ ಇರುತ್ತಾರೆ. ನಡುನಡುವೆ ಫೋನೆತ್ತಿ ಬೆಡ್‌ಶೀಟ್ ಕಳಿಸಿ ಎನ್ನುತ್ತಾರೆ, ಆಕ್ಸಿಜನ್ ಸಿಲಿಂಡರ್ ಇನ್ನೂ ಬಂದಿಲ್ಲ ಎನ್ನುತ್ತಾರೆ. ರೋಗಿಗಳ ಕಡೆಯವರಿಗೆ ಇವರ ಮೇಲೆ ಸ್ವಲ್ಪ ಅಸಮಾಧಾನವೂ ಇರುತ್ತದೆ. 'ಅಲ್ಲಿ ನಮ್ಮ ಹುಡುಗಿ ನೋವು ತಿಂತಾವ್ಳೆ, ಇವ್ರು ಕೂತ್ಕೊಂಡು ಬರೀತಾವ್ರೆ' ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆಕೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ಕೈಯಾರೆ ಕೆಲಸ ಮಾಡಿ ಆ ಮೇಜಿಗೆ ಬಂದವಳು ನಾನು. ಆಮೇಲೆ ಶುಶ್ರೂಷಾ ಅಧೀಕ್ಷಕಿಯಾಗಿ ಅಂಥ ಹಲವು ಮೇಜುಗಳ ಹೊಣೆ ಹೊತ್ತೆ. ಮಂಚದ ಪಕ್ಕದಿಂದ ಆ ಮೇಜಿನವರೆಗೆ ನಾಲ್ಕೇ ಹೆಜ್ಜೆ. ಆದರೆ ಅಷ್ಟರಲ್ಲಿ ಒಬ್ಬ ನರ್ಸಿನ ಕೆಲಸ ಪೂರ್ತಿ ಬದಲಾಗಿಬಿಡುತ್ತದೆ. ಆ ಬದಲಾವಣೆಯ ಬಗ್ಗೆ ಇವತ್ತು ಮಾತಾಡುತ್ತೇನೆ.

ಹೆರಿಗೆ ಕೋಣೆಯಲ್ಲಿ ಪಳಗಿದ ಸಿಸ್ಟರ್‌ಗೆ ಕೈಯೇ ಕಣ್ಣು. ಮಗು ಹುಟ್ಟಿ, ಮಾಸು ಬಿದ್ದ ಮೇಲೆ ಬಾಣಂತಿಯ ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಗಟ್ಟಿಯಾಗಿದೆಯೋ ಮೆತ್ತಗಿದೆಯೋ ತಿಳಿಯುತ್ತದೆ. ಮೆತ್ತಗಿದ್ದರೆ ಬಟ್ಟೆಯ ಮೇಲೆ ರಕ್ತ ಕಾಣುವ ಮೊದಲೇ ಕೈ ಉಜ್ಜಲು ಶುರು ಮಾಡಿರುತ್ತದೆ, ಬಾಯಿ 'ಆಕ್ಸಿಟೋಸಿನ್ ತನ್ನಿ' ಎಂದಿರುತ್ತದೆ. ಈ ತಿಳಿವಳಿಕೆ ಪುಸ್ತಕದಿಂದ ಬರುವುದಲ್ಲ. ನೂರಾರು ರಾತ್ರಿಗಳಲ್ಲಿ ಕೈಗೆ ಹತ್ತಿದ್ದು. ಹೀಗೆ ಪಳಗಿದವರನ್ನೇ ಹುಡುಕಿ ನಾವು ಬಡ್ತಿ ಕೊಡುತ್ತೇವೆ. ಆದೇಶ ಬಂದ ಮಾರನೆಯ ಬೆಳಿಗ್ಗೆಯಿಂದ ಆ ಕೈ ಹೊಟ್ಟೆಯ ಮೇಲಿರುವುದಿಲ್ಲ, ಪೆನ್ನು ಹಿಡಿದಿರುತ್ತದೆ. ಹೋದ ವಾರ ಹೆರಿಗೆಯಾದವಳು ಹೆಸರು ಹಿಡಿದು ಕರೆದಿದ್ದಳು; ಈ ವಾರ ಹೆರಿಗೆಯಾದವಳಿಗೆ ನೀವು ಯಾರೆಂಬುದೇ ಗೊತ್ತಿರುವುದಿಲ್ಲ. ಈ ಖಾಲಿತನವನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಒಳ್ಳೆಯ ನರ್ಸುಗಳಲ್ಲಿ ಬಡ್ತಿಯೇ ಬೇಡ ಎಂದು ಬರೆದುಕೊಟ್ಟವರಿದ್ದಾರೆ. ಅವರನ್ನು ನಾನು ದೂರುವುದಿಲ್ಲ.

ಚಾರ್ಜ್ ತೆಗೆದುಕೊಳ್ಳುವುದು ಎಂಬ ಒಂದು ವಿಧಿ ಇದೆ. ಹೊರಗಿನವರಿಗೆ ಇದು ಗೊತ್ತಿರಲಾರದು. ಹಳೆಯ ಇನ್‌ಚಾರ್ಜ್ ಸ್ಟಾಕ್ ರಿಜಿಸ್ಟರ್ ತೆರೆದು ಒಂದೊಂದೇ ಸಾಲು ಓದುತ್ತಾರೆ, ಹೊಸಬರು ಎಣಿಸುತ್ತಾರೆ. ಮಂಚ, ಹಾಸಿಗೆ, ಬಿಪಿ ನೋಡುವ ಯಂತ್ರ, ಬೆಡ್‌ಪ್ಯಾನ್, ಸ್ಟೀಲ್ ಟ್ರೇ, ಕತ್ತರಿ, ಫೋರ್ಸೆಪ್ಸ್, ಬಕೆಟ್ಟು, ಬೀಗ. ಎಲ್ಲದಕ್ಕೂ ಸಹಿ. ಆ ಸಹಿ ಬಿದ್ದ ಗಳಿಗೆಯಿಂದ ಒಂದು ಕತ್ತರಿ ಕಾಣೆಯಾದರೂ ನೀವೇ ಉತ್ತರ ಹೇಳಬೇಕು, ಇಲ್ಲವಾದರೆ ಸಂಬಳದಿಂದ ಕಟ್ಟಬೇಕು. ಕೊನೆಗೆ ಬೀಗದ ಕೈಗಳ ಗೊಂಚಲು ಕೈಗೆ ಬರುತ್ತದೆ.

ಆ ಗೊಂಚಲು ಮನುಷ್ಯರನ್ನು ಏನು ಮಾಡುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕಳೆದುಹೋದರೆ ನನ್ನ ತಲೆಗೆ ಎಂಬ ಹೆದರಿಕೆಯಲ್ಲಿ ಒಳ್ಳೆಯ ವಸ್ತುಗಳೆಲ್ಲ ಅಲ್ಮೆರಾ ಸೇರುತ್ತವೆ. ಹೊಸ ಅಂಬು ಬ್ಯಾಗ್ ಪ್ಲಾಸ್ಟಿಕ್ ಕವರಿನ ಸಮೇತ ಒಳಗೆ, ಸವೆದು ಬಿರುಕು ಬಿಟ್ಟದ್ದು ಹೊರಗೆ. ಅಂಬು ಬ್ಯಾಗ್ ಎಂದರೆ ಹುಟ್ಟಿದ ಮಗು ಉಸಿರಾಡದಿದ್ದಾಗ ಗಾಳಿ ಒತ್ತುವ ಚೀಲ. ಸಂಜೆ ಅಲ್ಮೆರಾಗೆ ಬೀಗ ಬೀಳುತ್ತದೆ, ಬೀಗದ ಕೈ ಇನ್‌ಚಾರ್ಜ್ ಜೊತೆಗೆ ಮನೆಗೆ ಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಉಸಿರಿಲ್ಲದ ಮಗು ಹುಟ್ಟಿದರೆ ಡ್ಯೂಟಿಯಲ್ಲಿರುವ ಹುಡುಗಿಯ ಕೈಗೆ ಸಿಗುವುದು ಬಿರುಕು ಬಿಟ್ಟ ಚೀಲ. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ವಸ್ತು ಉಳಿಸಿದವರನ್ನು ಆಡಿಟ್ ಮೆಚ್ಚುತ್ತದೆ; ವಸ್ತು ಬಳಸುವಂತೆ ಇಟ್ಟವರನ್ನು ವಿವರಣೆ ಕೇಳುತ್ತದೆ. ವ್ಯವಸ್ಥೆ ಹಾಗೆ ಕಲಿಸಿದೆ, ಜನ ಹಾಗೆ ಕಲಿತಿದ್ದಾರೆ.

ಇದಕ್ಕೆ ದಾರಿ ಇದೆ, ದೊಡ್ಡ ಖರ್ಚಿನದೂ ಅಲ್ಲ. ತುರ್ತಿಗೆ ಬೇಕಾದದ್ದೆಲ್ಲ ಬೀಗವಿಲ್ಲದ ಒಂದು ಟ್ರೇಯಲ್ಲಿ ಹೊರಗಿರಬೇಕು. ಆಕ್ಸಿಟೋಸಿನ್‌ಗೆ ಫ್ರಿಜ್ಜು ಬೇಕು, ಆ ಫ್ರಿಜ್ಜೂ ಹೆರಿಗೆ ಕೋಣೆಯಲ್ಲೇ ಇರಬೇಕು. ಟ್ರೇಗೆ ಒಂದು ಪ್ಲಾಸ್ಟಿಕ್ ಸೀಲು. ಎಳೆದರೆ ಕಿತ್ತು ಬರುವಂಥದ್ದು. ಸೀಲು ಹಾಗೇ ಇದ್ದರೆ ಒಳಗೆ ಎಲ್ಲ ಇದೆ ಎಂದರ್ಥ, ಪ್ರತಿ ಪಾಳಿಯಲ್ಲೂ ಎಣಿಸಬೇಕಾಗಿಲ್ಲ. ಸೀಲು ಕಿತ್ತಿದ್ದರೆ ಕಿತ್ತವರು ಏನು ಬಳಸಿದರು ಎಂದು ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು, ಮುಂದಿನ ಪಾಳಿಯವರು ತುಂಬಿಸಿ ಹೊಸ ಸೀಲು ಹಾಕಬೇಕು. ಆಡಿಟ್‌ಗೆ ಉತ್ತರ ಹೇಳಲು ಆ ಒಂದು ಸಾಲು ಸಾಕು. ಇದನ್ನು ಜಾರಿಗೆ ತರಲು ಯಾವ ಸುತ್ತೋಲೆಯೂ ಬೇಕಿಲ್ಲ. ಬೀಗದ ಕೈ ಹಿಡಿದವರು ತಮ್ಮ ಹೆದರಿಕೆಯನ್ನು ಬದಿಗಿಡಬೇಕು, ಮೇಲಿನವರು 'ಏನಾದರೂ ಆದರೆ ನಾನಿದ್ದೇನೆ' ಎಂದು ಬರವಣಿಗೆಯಲ್ಲಿ ಕೊಡಬೇಕು.

ಇಂಥ ವ್ಯವಸ್ಥೆ ಮಾಡುವ ಕೆಲಸ ನರ್ಸಿಂಗಿಗೆ ಹೊಸದೇನಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ಎಲ್ಲರಿಗೂ ದೀಪ ಹಿಡಿದು ರಾತ್ರಿ ಸೈನಿಕರ ಮಂಚದ ನಡುವೆ ಓಡಾಡಿದ ಚಿತ್ರ ನೆನಪಾಗುತ್ತದೆ. 1854ರಲ್ಲಿ 38 ಮಂದಿ ನರ್ಸುಗಳನ್ನು ಕರೆದುಕೊಂಡು ಆಕೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದದ್ದು ನಿಜ. ಆದರೆ ಅಲ್ಲಿ ಆಕೆಯ ಬಹುಪಾಲು ಹೊತ್ತು ಹೋದದ್ದು ಅಂಗಿ, ಹೊದಿಕೆ, ಸಾಬೂನು, ಅಡುಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆ, ಮತ್ತು ಲಂಡನ್ನಿಗೆ ಬರೆಯುವ ಪತ್ರಗಳಲ್ಲಿ. 1856ರಲ್ಲಿ ಊರಿಗೆ ಮರಳಿದ ಮೇಲೆ ಕಾಯಿಲೆಯಿಂದ ಬಹಳ ವರ್ಷ ಹಾಸಿಗೆ ಹಿಡಿದರು. ರೋಗಿಯ ಪಕ್ಕ ನಿಲ್ಲುವ ಕೆಲಸ ಹೆಚ್ಚುಕಮ್ಮಿ ಅಲ್ಲಿಗೇ ಮುಗಿಯಿತು. ಸೈನ್ಯದ ಆಸ್ಪತ್ರೆಗಳನ್ನೂ ನರ್ಸಿಂಗ್ ಶಿಕ್ಷಣವನ್ನೂ ಬದಲಿಸಿದ ಕೆಲಸ ನಡೆದದ್ದು ಅದಾದ ನಂತರ, ಪೆನ್ನಿನಿಂದ. 1859ರಲ್ಲಿ ಅವರು ಬರೆದ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲಿ ಸಣ್ಣಪುಟ್ಟ ನಿರ್ವಹಣೆಯ ಮೇಲೇ ಒಂದು ಅಧ್ಯಾಯವಿದೆ. ನೀವು ಇರುವಾಗ ಆಗುವ ಕೆಲಸ ನೀವು ಇಲ್ಲದಾಗಲೂ ಆಗುವಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಅದರ ತಿರುಳು. ರೋಗಿಗೆ ಬಂದ ಪತ್ರ, ತೆರೆದಿಡಬೇಕಾದ ಕಿಟಕಿ, ಮುಚ್ಚಬೇಕಾದ ಬಾಗಿಲು, ಇಂಥವುಗಳ ಮೂಲಕವೇ ಅವರು ಇದನ್ನು ವಿವರಿಸುತ್ತಾರೆ. ಎಲ್ಲವನ್ನೂ ತಾನೇ ಮಾಡುವವಳನ್ನು ಅವರು ಹೊಗಳುವುದಿಲ್ಲ. ಅವಳು ಇಲ್ಲದಾಗ ರೋಗಿಯ ಗತಿ ಏನು ಎಂದು ಕೇಳುತ್ತಾರೆ.

ನನ್ನ ಮಟ್ಟಿಗೆ ಇನ್‌ಚಾರ್ಜ್ ಎಂಬ ಹುದ್ದೆಯ ಅರ್ಥ ಈ ಒಂದು ಪ್ರಶ್ನೆಯಲ್ಲಿ ಪೂರ್ತಿ ಬಂತು. ನಾನು ಬೆಳಗಿನ ಪಾಳಿಯಲ್ಲಿ ಚೆನ್ನಾಗಿ ನೋಡಿಕೊಂಡರೆ ಬೆಳಗಿನ ರೋಗಿಗಳು ಪುಣ್ಯವಂತರು, ಅಷ್ಟೇ. ಹೆರಿಗೆ ನೋವು ಗಡಿಯಾರ ನೋಡಿ ಬರುವುದಿಲ್ಲ. ಭಾನುವಾರ ರಾತ್ರಿ, ಹಬ್ಬದ ದಿನ, ಕರೆಂಟ್ ಹೋದಾಗ, ಕೆಲಸಕ್ಕೆ ಸೇರಿ ತಿಂಗಳಾಗದ ಹುಡುಗಿಯ ಕೈಯಲ್ಲೂ ಅದೇ ಆರೈಕೆ ಸಿಕ್ಕರೆ ಮಾತ್ರ ವಾರ್ಡು ಚೆನ್ನಾಗಿದೆ ಎನ್ನಬೇಕು.

ಇದು ಬರೀ ಅನಿಸಿಕೆ ಎಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಹೆರಿಗೆಗೆಂದು ಒಂದು ಪರಿಶೀಲನಾ ಪಟ್ಟಿ ಮಾಡಿತು. ಬಿಪಿ ನೋಡಿದಿರಾ, ಕೈ ತೊಳೆದಿರಾ, ಆಕ್ಸಿಟೋಸಿನ್ ಸಿದ್ಧವಿದೆಯೇ, ಮಗುವಿಗೆ ಅಂಬು ಬ್ಯಾಗ್ ಇದೆಯೇ ಎಂಬಂಥ ಸರಳ ಪ್ರಶ್ನೆಗಳು. ಅದನ್ನು ಆರಂಭದಲ್ಲಿ ಪರೀಕ್ಷಿಸಿ ನೋಡಿದ ಜಾಗಗಳಲ್ಲಿ ನಮ್ಮ ಕರ್ನಾಟಕದ ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರವೂ ಒಂದು. 2012ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಪ್ರತಿ ಹೆರಿಗೆಯಲ್ಲಿ ಮಾಡಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗುತ್ತಿದ್ದವು. ಪಟ್ಟಿ ಬಂದ ಮೇಲೆ 25 ಆದವು. ಅದೇ ನರ್ಸುಗಳು, ಅದೇ ಕೋಣೆ. ಆ ಸಂಖ್ಯೆ ಓದಿ ನನಗೆ ಬಹಳ ಹೆಮ್ಮೆಯಾಯಿತು.

ಆಮೇಲೆ ಉತ್ತರ ಪ್ರದೇಶದಲ್ಲಿ 120 ಆರೋಗ್ಯ ಕೇಂದ್ರಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇದನ್ನೇ ದೊಡ್ಡದಾಗಿ ಮಾಡಿ ನೋಡಿದರು. ಪಟ್ಟಿಯ ಜೊತೆಗೆ ಒಬ್ಬ ಮಾರ್ಗದರ್ಶಕಿ ನರ್ಸ್ ಎಂಟು ತಿಂಗಳು ಬಂದು ಹೋಗಿ ಮಾಡುತ್ತಿದ್ದರು. 2017ರಲ್ಲಿ ವರದಿ ಬಂತು. ಶುರುವಾಗಿ ಎರಡು ತಿಂಗಳಿಗೆ, ಮಾಡಬೇಕಾದ ಕೆಲಸಗಳಲ್ಲಿ ಶೇಕಡ 73ರಷ್ಟು ನಡೆಯುತ್ತಿದ್ದವು. ಮಾರ್ಗದರ್ಶಕಿ ಬರುವುದು ನಿಂತು ನಾಲ್ಕು ತಿಂಗಳಾದ ಮೇಲೆ ನೋಡಿದರೆ ಶೇಕಡ 62ಕ್ಕೆ ಇಳಿದಿತ್ತು. ತಾಯಂದಿರ, ಶಿಶುಗಳ ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ 'ಪಟ್ಟಿಯಿಂದ ಪ್ರಯೋಜನವಿಲ್ಲ' ಎಂದವರಿದ್ದಾರೆ. ನಾನು ಹಾಗೆ ಓದಿಕೊಳ್ಳಲಿಲ್ಲ. ಹೊರಗಿನಿಂದ ಬಂದವರು ಎಷ್ಟು ದಿನ ಇರಲು ಸಾಧ್ಯ? ಅವರು ಹೋದ ಮೇಲೆ ಆ ಕೆಲಸವನ್ನು ಹಿಡಿದುಕೊಳ್ಳಬೇಕಾದವರು ಆ ಕೋಣೆಯದೇ ಇನ್‌ಚಾರ್ಜ್. ಆಕೆಗೆ ಅದಕ್ಕೆ ಸಮಯ ಕೊಟ್ಟಿದ್ದೇವೆಯೇ, ಅಧಿಕಾರ ಕೊಟ್ಟಿದ್ದೇವೆಯೇ, ಆಕ್ಸಿಟೋಸಿನ್ ಕೊಟ್ಟಿದ್ದೇವೆಯೇ ಎಂಬುದು ಮುಂದಿನ ಪ್ರಶ್ನೆ.

ಅನುಭವಿಯ ಕಣ್ಣನ್ನು ಎಲ್ಲರಿಗೂ ಸಿಗುವಂತೆ ಮಾಡುವುದು ಹೇಗೆ ಎಂಬುದಕ್ಕೆ ಬೆಳಗಾವಿಯ ಒಂದು ಉದಾಹರಣೆ ಹೇಳಲೇಬೇಕು. ಹೆರಿಗೆಯಾದ ಮೇಲೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅಪಾಯ ಎಂದು ನಾವು ಓದಿದ್ದೇವೆ. ಆದರೆ ಬಟ್ಟೆಗೆ, ಹಾಸಿಗೆಗೆ, ನೆಲಕ್ಕೆ ಹೋದ ರಕ್ತವನ್ನು ಅಳೆಯುವುದು ಹೇಗೆ? ಎಲ್ಲರೂ ಕಣ್ಣಂದಾಜಿನಲ್ಲೇ ಹೇಳುತ್ತಿದ್ದರು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ಹೆರಿಗೆ ಮಾಡಿಸುತ್ತಿದ್ದವರು ಕಿರಿಯ ಆರೋಗ್ಯ ಸಹಾಯಕಿಯರು. ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ರಕ್ತಸ್ರಾವ ಕಡಿಮೆಯಾಗುತ್ತದೆಯೇ ಎಂದು ನೋಡುವುದು ಉದ್ದೇಶ. ಮಾತ್ರೆ ಪಡೆಯದವರಲ್ಲಿ ಶೇಕಡ 12 ಇದ್ದ ಅಂಥ ರಕ್ತಸ್ರಾವ ಪಡೆದವರಲ್ಲಿ ಶೇಕಡ 6.4 ಇತ್ತು; ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಅಧ್ಯಯನಕ್ಕಾಗಿಯೇ ಅವರು ಪ್ಲಾಸ್ಟಿಕ್ ಹಾಳೆಯ ಕೆಳಗೆ ಆಲಿಕೆಯಾಕಾರದ ಚೀಲ ಸೇರಿಸಿ, ಅದರ ಮೇಲೆ ಮಿಲಿಲೀಟರ್ ಗೆರೆ ಹಾಕಿದ್ದರು. ಹೋಲಿಸಿ ನೋಡಿದಾಗ ಕಣ್ಣಂದಾಜು ನಿಜವಾದ ಅಳತೆಗಿಂತ ಮೂರನೆಯ ಒಂದು ಪಾಲು ಕಡಿಮೆ ಬರುತ್ತಿತ್ತು.

ಅಂಥದ್ದೇ ಗೆರೆ ಹಾಕಿದ ಚೀಲವನ್ನು ಈಚೆಗೆ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ ಬಳಸಿ ನೋಡಿದರು. ರಕ್ತ ಗೆರೆ ದಾಟಿದ ಕೂಡಲೇ ಹೊಟ್ಟೆ ಉಜ್ಜುವುದು, ಔಷಧ, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಟ್ಟಿಗೇ ಶುರು ಮಾಡಬೇಕೆಂಬುದು ನಿಯಮ. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾದ ಸಂದರ್ಭ, ಸಾವು ಇವೆಲ್ಲ ಸೇರಿ ಶೇಕಡ 4.3ರ ಬದಲು 1.6 ಆಗಿತ್ತು. ಹಿಂದೆ ಅರ್ಧದಷ್ಟು ರಕ್ತಸ್ರಾವ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಚೀಲ ಬಂದ ಮೇಲೆ ನೂರರಲ್ಲಿ 93 ಗಮನಕ್ಕೆ ಬಂದವು. ಹೆರಿಗೆ ಕೋಣೆಯಲ್ಲಿ ಜೀವ ಸವೆಸಿದ ಹಿರಿಯ ಸಿಸ್ಟರ್ ಕೈಯಿಟ್ಟು ಅರಿಯುತ್ತಿದ್ದದ್ದನ್ನು ಮೊನ್ನೆ ಸೇರಿದ ಹುಡುಗಿ ಗೆರೆ ನೋಡಿ ಅರಿಯುತ್ತಾಳೆ. ತಂಡವನ್ನು ಮುನ್ನಡೆಸುವುದು ಎಂದರೆ ಇಂಥ ಗೆರೆಗಳನ್ನು ಹಾಕುತ್ತಾ ಹೋಗುವುದು ಎಂದು ನಾನು ನಂಬಿದ್ದೇನೆ.

ಗೆರೆ ಹಾಕುವುದಕ್ಕೆ ಇನ್ನೊಂದು ಉದಾಹರಣೆ ರಾತ್ರಿ ಡಾಕ್ಟರನ್ನು ಕರೆಯುವ ವಿಷಯ. ಬಾಣಂತಿಗೆ ಏನೋ ಸರಿ ಇಲ್ಲ ಎಂದು ಸಿಸ್ಟರ್‌ಗೆ ಅನಿಸುತ್ತದೆ. ಫೋನ್ ಮಾಡಿದರೆ 'ಇಷ್ಟಕ್ಕೆಲ್ಲ ಎಬ್ಬಿಸ್ತೀರಾ?' ಎನ್ನುತ್ತಾರೇನೋ ಎಂಬ ಅಳುಕು. ಇನ್ನು ಅರ್ಧ ಗಂಟೆ ನೋಡೋಣ ಎಂದುಕೊಳ್ಳುತ್ತಾಳೆ. ಆ ಅರ್ಧ ಗಂಟೆ ಬಹಳ ದುಬಾರಿಯಾದದ್ದುಂಟು. ಹುಡುಗಿಯರಿಗೆ ಧೈರ್ಯ ಬೇಕು ಎಂದು ಭಾಷಣ ಮಾಡುವುದರಿಂದ ಇದು ಸರಿಹೋಗುವುದಿಲ್ಲ. ಹಗಲು ಹೊತ್ತಿನಲ್ಲಿ, ಎಲ್ಲರೂ ಸಮಾಧಾನದಲ್ಲಿರುವಾಗ, ಇನ್‌ಚಾರ್ಜ್ ಆದವರು ತಜ್ಞರ ಜೊತೆ ಕೂತು ಒಂದು ಪಟ್ಟಿ ಮಾಡಿಸಬೇಕು. ನಾಡಿ 120 ದಾಟಿದರೆ, ಮೇಲಿನ ಬಿಪಿ 90ಕ್ಕಿಂತ ಇಳಿದರೆ ಅಥವಾ 160 ಮೀರಿದರೆ, ಚೀಲದಲ್ಲಿ ರಕ್ತ ಗೆರೆ ದಾಟಿದರೆ ಕರೆಯಲೇಬೇಕು. ಕೆಳಗೆ ಡಾಕ್ಟರ ಸಹಿ, ಗೋಡೆಗೆ ಅಂಟಿಸಿದ್ದು. ಆಮೇಲೆ ಹುಡುಗಿ ಅಂಜಬೇಕಾಗಿಲ್ಲ. 'ಸರ್, ಪಟ್ಟಿಯಲ್ಲಿದೆ, ಅದಕ್ಕೇ ಕರೆದೆ' ಎಂದರೆ ಮುಗಿಯಿತು. ನಾನು ಕಂಡ ಬಹುಪಾಲು ಡಾಕ್ಟರರು ಇದನ್ನು ಖುಷಿಯಿಂದಲೇ ಒಪ್ಪಿದ್ದಾರೆ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ.

ಇನ್ನು ಡ್ಯೂಟಿ ಚಾರ್ಟ್. ಮೂರು ಪಾಳಿ, ಇರುವ ಕೈ ಕಡಿಮೆ. ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂದು ಸರ್ಕಾರದ ಹಳೆಯ ಮಾನದಂಡವೇ ಹೇಳುತ್ತದೆ; ರಾತ್ರಿ ಹೊತ್ತು ಇಡೀ ವಾರ್ಡಿಗೆ ಒಬ್ಬರೇ ಇರುವ ಆಸ್ಪತ್ರೆಗಳನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಅಷ್ಟರಲ್ಲೇ ತಿಂಗಳ ಕೊನೆಗೆ ಇನ್‌ಚಾರ್ಜ್ ಚೌಕುಳಿ ಹಾಳೆ ಹಿಡಿದು ಕೂರಬೇಕು. ಒಬ್ಬಳಿಗೆ ಎಳೆ ಕೂಸಿದೆ. ಒಬ್ಬಳ ಗಂಡ ಬಸ್ ಡ್ರೈವರ್, ಅವನಿಗೂ ನೈಟ್. ಒಬ್ಬಳ ಅತ್ತೆಗೆ ಡಯಾಲಿಸಿಸ್. 'ಅಕ್ಕಾ, ನಿಮ್ಗೇ ಗೊತ್ತಲ್ಲ ನಮ್ಮನೆ ಕಷ್ಟ, ಈ ತಿಂಗ್ಳು ನೈಟ್ ಹಾಕ್ಬೇಡಿ' ಎಂದು ಎಲ್ಲರೂ ಬರುತ್ತಾರೆ, ಎಲ್ಲರ ಕಷ್ಟವೂ ನಿಜವೇ. ಜೊತೆಯಲ್ಲಿ ಟ್ರೈನಿಂಗ್ ಮಾಡಿದ ಗೆಳತಿ ತನ್ನ ಹೆಸರಿನ ಮುಂದೆ ನೈಟ್ ಎಂಬರ್ಥದ 'ಎನ್' ಕಂಡ ದಿನ 'ನೀನೂ ಹೀಗ್ ಮಾಡ್ತೀಯಾ ಕಣೇ?' ಎಂದು ಕೇಳಿಬಿಡುತ್ತಾಳೆ. ಹಾಗೆ ಕೇಳುವುದು ನಿಂತು 'ಮೇಡಂ' ಎನ್ನಲು ಶುರು ಮಾಡಿದ ದಿನ ಇನ್ನೂ ಹೆಚ್ಚು ನೋವಾಗುತ್ತದೆ.

ಚಾರ್ಟ್ ಬರೆಯುವುದನ್ನು ಗುಮಾಸ್ತೆಯ ಕೆಲಸ ಎಂದು ತಿಳಿದವರು ಇದ್ದಾರೆ. ಅದು ಚಿಕಿತ್ಸೆಯ ಭಾಗ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಸಬರಿಬ್ಬರನ್ನು ಒಂದೇ ರಾತ್ರಿಗೆ ಹಾಕಿದರೆ ಆ ರಾತ್ರಿಯ ಹೆರಿಗೆಗಳೆಲ್ಲ ಅನುಭವವಿಲ್ಲದ ಕೈಗೆ ಬಿದ್ದಂತೆ. ಸತತ ನೈಟ್ ಮಾಡಿ ಬೆಳಗಿನ ಜಾವ ಔಷಧದ ಲೆಕ್ಕ ಹಾಕುವವಳ ಕಣ್ಣು ತಪ್ಪುವುದು ಸಹಜ. ಮಾತಾಡದ ಇಬ್ಬರನ್ನು ಒಟ್ಟಿಗೆ ಹಾಕಿದರೆ ಹ್ಯಾಂಡ್‌ಓವರ್ ಅರ್ಧ ಮಾತ್ರ ಆಗುತ್ತದೆ. ಹಾಳೆಯ ಚೌಕದಲ್ಲಿ ಒಂದು ಅಕ್ಷರ ಬರೆಯುವಾಗ ಇಷ್ಟೆಲ್ಲ ತಲೆಯಲ್ಲಿರಬೇಕು. ಒಂದು ಮಾತು ಸಂತೋಷದಿಂದ ಹೇಳುತ್ತೇನೆ. ನಮ್ಮ ಆಸ್ಪತ್ರೆಗಳಲ್ಲಿ ಬರೆಯದ ಒಂದು ಒಪ್ಪಂದವಿದೆ. ದೀಪಾವಳಿ, ವರಮಹಾಲಕ್ಷ್ಮಿ ಹಬ್ಬಕ್ಕೆ ಕ್ರೈಸ್ತ ಸಿಸ್ಟರುಗಳು ತಾವೇ ಮುಂದೆ ಬಂದು ಡ್ಯೂಟಿ ಹಾಕಿಸಿಕೊಳ್ಳುತ್ತಾರೆ. ಕ್ರಿಸ್ಮಸ್‌ಗೆ, ರಂಜಾನ್‌ಗೆ ಉಳಿದವರು ನಿಲ್ಲುತ್ತಾರೆ. ಯಾವ ಆದೇಶವೂ ಇಲ್ಲದೆ ತಲೆಮಾರುಗಳಿಂದ ನಡೆದು ಬಂದದ್ದು. ಹೊಸ ಇನ್‌ಚಾರ್ಜ್‌ಗಳಿಗೆ ಇದನ್ನು ಮುರಿಯಬೇಡಿ ಎಂದು ಹೇಳುತ್ತಿರುತ್ತೇನೆ.

ಚಾರ್ಟಿನಲ್ಲಿ ಇನ್ನೊಂದು ಸಂಕಟವೂ ಕೂತಿರುತ್ತದೆ. ಒಂದೇ ಪಾಳಿಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬಳು ಕಾಯಂ, ಇನ್ನೊಬ್ಬಳು ಗುತ್ತಿಗೆ. ಸಂಬಳ ಬೇರೆ, ರಜೆ ಬೇರೆ, ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂಬುದೂ ಬೇರೆ. ಇನ್‌ಚಾರ್ಜ್‌ಗೆ ಇದನ್ನು ಸರಿಪಡಿಸುವ ಶಕ್ತಿ ಇಲ್ಲ. ಕೆಟ್ಟ ಪಾಳಿಗಳನ್ನೆಲ್ಲ ಗುತ್ತಿಗೆಯವರ ತಲೆಗೆ ಕಟ್ಟದಿರುವ ಶಕ್ತಿ ಮಾತ್ರ ಖಂಡಿತ ಇದೆ.

ರೋಗಿಯ ನಾಡಿ ಹಿಡಿದು ನೋಡುವಂತೆಯೇ ರಿಜಿಸ್ಟರನ್ನೂ ಹಿಡಿದು ನೋಡಲು ಕಲಿಯಬೇಕು. ಒಂದು ಆಸ್ಪತ್ರೆಯಲ್ಲಿ ಆಕ್ಸಿಟೋಸಿನ್ ಇಡುವ ಫ್ರಿಜ್ಜಿನ ಉಷ್ಣತೆಯ ಚಾರ್ಟ್ ನೋಡುತ್ತಿದ್ದೆ. ಅದು 2ರಿಂದ 8 ಡಿಗ್ರಿಯೊಳಗೆ ಇರಬೇಕು, ದಿನಕ್ಕೆರಡು ಸಲ ಬರೆಯಬೇಕು. ಇಡೀ ತಿಂಗಳು ಒಂದೇ ನೀಲಿ ಶಾಯಿ, ಒಂದೇ ಕೈಬರಹ, ಎಲ್ಲ ದಿನವೂ 4. ಮಧ್ಯಾಹ್ನವಿಡೀ ಕರೆಂಟ್ ಇಲ್ಲದಿದ್ದ ದಿನವೂ 4. ಹಿಂದಿನಿಂದ ಬಂದ ರೂಢಿಯಂತೆ ಮೆಮೊ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಬರೆದ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದಾಗ ಥರ್ಮಾಮೀಟರ್ ಫ್ರಿಜ್ಜಿನ ತೀರಾ ಹಿಂದೆ, ಡಬ್ಬಿಗಳ ಅಡಿಯಲ್ಲಿದೆ ಎಂದು ಗೊತ್ತಾಯಿತು. ನೋಡಬೇಕೆಂದರೆ ಎಲ್ಲ ಹೊರಗೆ ತೆಗೆಯಬೇಕು. ಆ ಹೊತ್ತಿಗೆ ಇಬ್ಬರು ಗರ್ಭಿಣಿಯರು ನೋವಿನಲ್ಲಿರುತ್ತಾರೆ. ಥರ್ಮಾಮೀಟರನ್ನು ಬಾಗಿಲು ತೆರೆದರೆ ಕಣ್ಣಿಗೆ ಬೀಳುವಂತೆ ದಾರದಲ್ಲಿ ಕಟ್ಟಿದೆವು. ಬರೆಯುವ ಕೆಲಸವನ್ನು ಹ್ಯಾಂಡ್‌ಓವರ್ ಹೊತ್ತಿಗೆ, ಇಬ್ಬರು ಒಟ್ಟಿಗೆ ಇರುವಾಗ ಇಟ್ಟೆವು. ಮುಂದಿನ ತಿಂಗಳ ಚಾರ್ಟಿನಲ್ಲಿ ಶಾಯಿಗಳು ಬೇರೆ ಬೇರೆ ಇದ್ದವು, 3 ಇತ್ತು, 6 ಇತ್ತು, ಒಂದು ದಿನ 11 ಎಂದು ಬರೆದು ಪಕ್ಕದಲ್ಲಿ 'ಕರೆಂಟ್ ಇಲ್ಲ, ಐಸ್ ಪ್ಯಾಕ್‌ಗೆ ಹಾಕಿದೆ' ಎಂದಿತ್ತು. ಆ 11 ಕಂಡು ನನಗಾದ ಸಮಾಧಾನ ಅಷ್ಟಿಷ್ಟಲ್ಲ. ನಿಜ ಬರೆದರೆ ಬೈಸಿಕೊಳ್ಳುವುದಿಲ್ಲ ಎಂದು ಆ ಹುಡುಗಿಯರಿಗೆ ನಂಬಿಕೆ ಬಂದಿತ್ತು.

ತಾಯಿ ಮರಣದ ಪರಿಶೀಲನೆಗೆ ನಮ್ಮ ದೇಶದಲ್ಲಿ ಇರುವ ಮಾರ್ಗಸೂಚಿಯ ಮೂಲ ತತ್ವವೂ ಇದೇ: ಹೆಸರು ಹಿಡಿಯಬೇಡಿ, ದೂಷಿಸಬೇಡಿ, ಏಕಾಯಿತು ಎಂದು ಹುಡುಕಿ. ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69 ಆಗಿತ್ತು. ಆಶಾ ಕಾರ್ಯಕರ್ತೆಯರು, 108ರ ಡ್ರೈವರುಗಳು, ರಕ್ತನಿಧಿಯವರು, ಡಾಕ್ಟರರು, ನರ್ಸುಗಳು ಎಲ್ಲರೂ ಸೇರಿ ಇಳಿಸಿದ ಸಂಖ್ಯೆ ಅದು. ಉಳಿದ ಸಾವುಗಳಲ್ಲೂ ಇನ್ನೆಷ್ಟನ್ನೋ ತಡೆಯಬಹುದು. ಆದರೆ ಸಾವಾದ ಮರುದಿನ ಆ ರಾತ್ರಿ ಡ್ಯೂಟಿಯಲ್ಲಿದ್ದ ನರ್ಸನ್ನು ಮಾತ್ರ ಅಮಾನತು ಮಾಡಿ ಕಡತ ಮುಚ್ಚಿದರೆ ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ. ಒಂದೇ ಥರ ಕಾಣುವ ಎರಡು ಔಷಧದ ಆಂಪೂಲ್ ಒಂದೇ ಟ್ರೇಯಲ್ಲಿದ್ದವು, ಚುಚ್ಚುವ ಮುಂಚೆ ನೋಡಿಕೊಂಡೆ ಎಂದು ಒಬ್ಬಳು ತಾನಾಗಿ ಬಂದು ಹೇಳಿದರೆ ಅವಳನ್ನು ಎಲ್ಲರೆದುರು ಅಭಿನಂದಿಸಬೇಕು, ಅದೇ ದಿನ ಟ್ರೇ ಬೇರೆ ಮಾಡಬೇಕು. ಹೀಗೆ ಮಾಡಿದ ವಾರ್ಡುಗಳಲ್ಲಿ ಇಂಥ ವಿಷಯಗಳು ಮೇಜಿಗೆ ಬರುತ್ತವೆ. ಉಳಿದ ಕಡೆ ಅವು ಯಾರ ಕಿವಿಗೂ ಬೀಳುವುದಿಲ್ಲ.

ಇನ್‌ಚಾರ್ಜ್ ಕೆಲಸಕ್ಕೆ ತರಬೇತಿ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಡಿಪ್ಲೊಮಾದಲ್ಲೂ ಡಿಗ್ರಿಯಲ್ಲೂ ವಾರ್ಡ್ ನಿರ್ವಹಣೆಯ ಪಾಠ ಇದ್ದೇ ಇದೆ. ಆದರೆ ಇಪ್ಪತ್ತರ ಹುಡುಗಿಯಾಗಿದ್ದಾಗ ಓದಿದ್ದು ನಲವತ್ತೈದಕ್ಕೆ ಬೀಗದ ಕೈ ಬಂದಾಗ ನೆನಪಿರುವುದಿಲ್ಲ. ನನ್ನ ಕೇಳಿಕೆ ಸಣ್ಣದು: ಬಡ್ತಿ ಆದೇಶ ಬಂದವರನ್ನು ಮೊದಲ ತಿಂಗಳು ಒಬ್ಬ ಒಳ್ಳೆಯ ಇನ್‌ಚಾರ್ಜ್ ಜೊತೆ ಬಿಡಿ. ಬೇಕಾದ ವಸ್ತುಗಳಿಗೆ ಇಂಡೆಂಟ್ ಹೇಗೆ ಬರೆಯುತ್ತಾರೆ, ಸ್ಟೋರಿನವರ ಹತ್ತಿರ ಹೇಗೆ ಮಾತಾಡುತ್ತಾರೆ, ಅಳುತ್ತಾ ಬಂದ ಕಿರಿಯಳನ್ನು ಎಲ್ಲಿ ಕೂರಿಸಿ ಏನು ಕೇಳುತ್ತಾರೆ ಎಂಬುದನ್ನು ಪಕ್ಕದಲ್ಲಿ ನಿಂತು ನೋಡಲಿ. ರಿಜಿಸ್ಟರುಗಳ ಹೊರೆಯಲ್ಲಿ ಅರ್ಧ ಭಾಗವನ್ನು ಡೇಟಾ ಎಂಟ್ರಿಯವರಿಗೆ ಕೊಡಿ. ಆಗ ಇನ್‌ಚಾರ್ಜ್ ವಾರಕ್ಕೊಂದು ಬೆಳಿಗ್ಗೆಯಾದರೂ ಮೇಜು ಬಿಟ್ಟೆದ್ದು ಮಂಚದ ಪಕ್ಕ ಕೆಲಸ ಮಾಡಲು ಸಾಧ್ಯ. ಅದು ಆಕೆಯ ಮನಸ್ಸಿಗೂ ಬೇಕು, ವಾರ್ಡಿಗೂ ಬೇಕು. ತಾನೇ ಬಿಪಿ ನೋಡಲು ಹೋದಾಗಲೇ ಕಫ್ ಹರಿದಿದೆ ಎಂದು ಗೊತ್ತಾಗುವುದು.

ಈಚೆಗೆ ಇನ್‌ಚಾರ್ಜ್ ಆದ ತಂಗಿಯರು ಯಾರಾದರೂ ಕೇಳುತ್ತಿದ್ದರೆ ಅವರಿಗೆ ಒಂದು ಮಾತು. ಮೊದಲ ತಿಂಗಳಲ್ಲೇ ಒಂದೆರಡು ರಾತ್ರಿ ವಾರ್ಡಿಗೆ ಹೋಗಿ. ಯಾರು ನಿದ್ದೆ ಮಾಡುತ್ತಿದ್ದಾರೆ ಎಂದು ಹಿಡಿಯಲು ಹೋಗಬೇಡಿ. ಸಾಧ್ಯವಾದರೆ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗಿ. ಡ್ಯೂಟಿಯಲ್ಲಿರುವ ಹುಡುಗಿಯನ್ನು, ಆಯಾ ಅವರನ್ನು ಒಂದೇ ಪ್ರಶ್ನೆ ಕೇಳಿ: 'ರಾತ್ರಿ ಹೊತ್ತು ನಿಮಗೆ ಇಲ್ಲಿ ಏನು ಸಿಗಲ್ಲ?' ಮೊದಲು 'ಎಲ್ಲ ಇದೆ ಮೇಡಂ' ಎನ್ನುತ್ತಾರೆ. ಸ್ವಲ್ಪ ಹೊತ್ತು ಕೂತಿರಿ. ಆಮೇಲೆ ಟಾರ್ಚಿಗೆ ಸೆಲ್ ಇಲ್ಲ, ಸಕ್ಷನ್ ಟ್ಯೂಬ್ ಒಂದೇ ಇದೆ, ಲ್ಯಾಬಿನವರ ನಂಬರ್ ಹಳೆಯದು, ಬಾಣಂತಿಯರ ಟಾಯ್ಲೆಟ್ ಬಲ್ಬ್ ಹೋಗಿ ಬಹಳ ದಿನ ಆಯ್ತು ಎಂದು ಒಂದೊಂದೇ ಹೇಳುತ್ತಾರೆ. ಬರೆದುಕೊಳ್ಳಿ. ಸೆಲ್ಲು, ಬಲ್ಬು, ನಂಬರು ಇಷ್ಟನ್ನು ಮಾರನೆಯ ರಾತ್ರಿ ಪಾಳಿ ಬರುವ ಮುಂಚೆ ಮಾಡಿಸಿಬಿಡಿ. ಸಕ್ಷನ್ ಟ್ಯೂಬಿಗೆ ಇಂಡೆಂಟ್ ಬರೆಯಿರಿ. ಸ್ಟೋರಿನಲ್ಲಿ ಇಲ್ಲವೆಂದರೆ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ತರಿಸಿಕೊಡಿ ಎಂದು ಆಡಳಿತ ವೈದ್ಯಾಧಿಕಾರಿಗಳಿಗೆ ಪತ್ರ ಕೊಡಿ, ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಟ್ಯೂಬ್ ಬರುವವರೆಗೆ ಪ್ರತಿ ಸೋಮವಾರ ಹೋಗಿ ಕೇಳಿ.